ನ್ಯಾಷನಲ್ ಪಾರ್ಕ್ ಆದ ಕಣಿವೆಯಲ್ಲಿ ನನ್ನ ಮೊದಲ ಬೇಟೆ

ನಮ್ಮ ಮನೆಯ ಫ್ರೀಜರ್‌ನಲ್ಲಿ ಈಗ ಸುಮಾರು 15 ಕಿಲೋ ಜಿಂಕೆ ಮಾಂಸ ಇದೆ. ಬಿಳಿ ಕಾಗದದಲ್ಲಿ ಸುತ್ತಿ, ಮೇಲೆ ನೀಲಿ ಪೆನ್ನಿನಲ್ಲಿ ತಾರೀಖು ಬರೆದ ಪೊಟ್ಟಣಗಳು. ಅದು ಅಲ್ಲಿಗೆ ಬಂದು ಸೇರುವುದಕ್ಕೆ ಹತ್ತು ತಿಂಗಳು ಹಿಡಿಯಿತು. ಹತ್ತಿರ ಹತ್ತಿರ 900 ಡಾಲರ್ ಖರ್ಚಾಯಿತು. ಕಾಡಿನಲ್ಲಿ ಕಳೆದ ಹೊತ್ತಿಗಿಂತ ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಕಳೆದ ಹೊತ್ತೇ ಜಾಸ್ತಿ. ಮುಂದಿನ ವರ್ಷ ಹೋಗಬೇಕು ಅಂದುಕೊಂಡವರಿಗೆ ಸ್ವಲ್ಪ ತಲೆನೋವು ಕಮ್ಮಿಯಾಗಲಿ ಅಂತ ಎಲ್ಲ ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ನಾನಿರುವುದು ಅಮೆರಿಕದ ವೆಸ್ಟ್ ವರ್ಜೀನಿಯಾದ ಚಾರ್ಲ್ಸ್‌ಟನ್‌ನಲ್ಲಿ. ಹುಟ್ಟೂರು ಕೊಡಗಿನ ವಿರಾಜಪೇಟೆ ಕಡೆ. ನಮ್ಮ ಮನೆಯಲ್ಲಿ ಕೋವಿ ಹೊಸದಲ್ಲ. ಕೈಲ್‌ಪೊಳ್ದ್ ಅನ್ನುವ ಆಯುಧಪೂಜೆ ಹಬ್ಬದ ದಿನ ಅದಕ್ಕೆ ತೋಕ್‌ಪೂ ಹೂವು ಇಟ್ಟು ಪೂಜೆ ಮಾಡುವುದು, ಊಟ ಆದಮೇಲೆ ತೆಂಗಿನಕಾಯಿಗೆ ಗುರಿ ಇಡುವುದು, ಇದನ್ನೆಲ್ಲ ನೋಡುತ್ತಲೇ ಬೆಳೆದೆ. ಆದರೆ ಬೇಟೆ ಅನ್ನುವುದು ತಾತನ ಬಾಯಲ್ಲಿ ಕೇಳಿದ ಕಥೆ ಅಷ್ಟೆ. 1972ರ ವನ್ಯಜೀವಿ ಕಾಯ್ದೆ ಬಂದಾಗ ನಾನು ಹುಟ್ಟಿಯೇ ಇರಲಿಲ್ಲ.

ಇಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಯಜಮಾನ್ರು ಇದ್ದಾರೆ. ವಯಸ್ಸು 76. ಕಲ್ಲಿದ್ದಲು ಗಣಿಯಲ್ಲಿ ದುಡಿದು ನಿವೃತ್ತರಾದವರು. ಎರಡೂ ಮೊಣಕಾಲು ಹೋಗಿವೆ, ಈಗ ಮಗಳ ಮನೆಯಲ್ಲಿದ್ದಾರೆ. ಅವರ ಸ್ವಂತ ಊರು ಇಲ್ಲಿಂದ ಒಂದು ಗಂಟೆ ದಾರಿ, ಫಯೆಟ್‌ವಿಲ್ ಹತ್ತಿರ, ನ್ಯೂ ರಿವರ್ ಕಣಿವೆಯ ಅಂಚಿನಲ್ಲಿ. ಹೋದ ಜನವರಿಯಲ್ಲಿ ಹಿಮ ಗೋರುತ್ತಾ ಮಾತಿಗೆ ಮಾತು ಬಂದು ತಾತನ ಬೇಟೆ ಕಥೆ ಹೇಳಿದೆ. ಅವರು ಸಲಿಕೆ ಪಕ್ಕಕ್ಕಿಟ್ಟು, ತಮ್ಮ ಅಪ್ಪ ಅಮ್ಮನ ಮನೆ ಹಿಂದಿನಿಂದ ಇಪ್ಪತ್ತು ನಿಮಿಷ ನಡೆದರೆ ಸಿಗುವ ಒಂದು ಗುಡ್ಡದ ಏಣಿನ ಬಗ್ಗೆ ಹೇಳಿದರು. ಹನ್ನೆರಡನೇ ವಯಸ್ಸಿನಲ್ಲಿ ಮೊದಲ ಜಿಂಕೆ ಹೊಡೆದದ್ದು ಅಲ್ಲೇ.

"ಈಗ ಪಾರ್ಕ್ ಮಾಡಿದ್ದಾರೆ. ಬಿಡೋಲ್ಲ ಅಂತಾರೆ. ಎಲ್ಲಿಂದ ಎಲ್ಲಿಯವರೆಗೆ ಬಿಡೋಲ್ಲ ಅಂತ ಒಬ್ಬೊಬ್ಬ ಒಂದೊಂದು ಹೇಳ್ತಾನೆ. ನೀನು ಓದಿದವನು, ಸ್ವಲ್ಪ ನೋಡಿ ಹೇಳು" ಅಂದರು.

ನನ್ನ ಬೇಟೆ ಶುರುವಾದದ್ದು ಹೀಗೆ. ಜಿಂಕೆಯನ್ನು ಆಮೇಲೆ ನೋಡೋಣ, ಮೊದಲು ಗೆರೆ ಎಲ್ಲಿದೆ ಅಂತ ಹುಡುಕಬೇಕಿತ್ತು.

ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ. 1978ರಲ್ಲಿ ಈ ಕಣಿವೆಯನ್ನು 'ನ್ಯಾಷನಲ್ ರಿವರ್' ಅಂತ ಘೋಷಿಸಿದ್ದರು. ಆಗ ಬೇಟೆಗೆ ಅಡ್ಡಿ ಮಾಡಿರಲಿಲ್ಲ. 2020ರ ಡಿಸೆಂಬರ್ 27ಕ್ಕೆ ಅದು 'ನ್ಯೂ ರಿವರ್ ಗಾರ್ಜ್ ನ್ಯಾಷನಲ್ ಪಾರ್ಕ್ ಅಂಡ್ ಪ್ರಿಸರ್ವ್' ಆಯಿತು, ಅಮೆರಿಕದ 63ನೇ ನ್ಯಾಷನಲ್ ಪಾರ್ಕ್. ಕೋವಿಡ್ ಪರಿಹಾರ, ಸರ್ಕಾರದ ಖರ್ಚು ವೆಚ್ಚ ಎಲ್ಲ ತುಂಬಿದ್ದ ಐದು ಸಾವಿರ ಪುಟ ದಾಟಿದ ಒಂದು ಮಸೂದೆಯೊಳಗೆ ಇದೂ ಸೇರಿಕೊಂಡು ಪಾಸಾಯಿತು. ರಾಜ್ಯದ ಆಗಿನ ಇಬ್ಬರು ಸೆನೆಟರುಗಳು, ಶೆಲ್ಲಿ ಮೂರ್ ಕ್ಯಾಪಿಟೊ ಮತ್ತು ಜೋ ಮ್ಯಾಂಚಿನ್, ಬೇರೆ ಬೇರೆ ಪಕ್ಷದವರಾಗಿದ್ದರೂ ಇದಕ್ಕಾಗಿ ಒಟ್ಟಿಗೆ ಓಡಾಡಿದ್ದರು.

ಹೆಸರಿನ ಕೊನೆಯಲ್ಲಿರುವ ಆ 'ಪ್ರಿಸರ್ವ್' ಅನ್ನುವ ಬಾಲವನ್ನು ಪ್ರವಾಸಿಗರು ಓದುವುದೇ ಇಲ್ಲ. ಬೇಟೆಗಾರನಿಗೆ ಮುಖ್ಯವಾದದ್ದು ಅದೇ. ಇಲ್ಲಿ ನ್ಯಾಷನಲ್ ಪಾರ್ಕ್ ಅಂದರೆ ಬೇಟೆ ಇಲ್ಲ, ಸಂಸತ್ತೇ ಕಾಯ್ದೆಯಲ್ಲಿ ಬರೆದು ಬಿಟ್ಟರೆ ಬೇರೆ ಮಾತು. ಪ್ರಿಸರ್ವ್ ಅಂದರೆ ನೋಡಿಕೊಳ್ಳುವವರು ಅದೇ ನ್ಯಾಷನಲ್ ಪಾರ್ಕ್ ಇಲಾಖೆಯವರು, ಆದರೆ ರಾಜ್ಯದ ನಿಯಮದ ಪ್ರಕಾರ ಬೇಟೆಗೆ ಅವಕಾಶ ಇದೆ. ಹಾಗಾಗಿ ಕಣಿವೆಯನ್ನು ಎರಡು ಪಾಲು ಮಾಡಿದರು. ಪಾರ್ಕಿಗೆ 7,021 ಎಕರೆ, ಪ್ರಿಸರ್ವ್‌ಗೆ 65,165 ಎಕರೆ. ಮೀನು ಹಿಡಿಯುವುದಕ್ಕೆ ಎರಡೂ ಕಡೆ ತೊಂದರೆ ಇಲ್ಲ.

ಲೆಕ್ಕ ಹಾಕಿ ನೋಡಿದರೆ ಹತ್ತರಲ್ಲಿ ಒಂಬತ್ತು ಪಾಲು ಬೇಟೆಗೆ ತೆರೆದೇ ಇದೆ. ಯಜಮಾನ್ರಿಗೆ ಖುಷಿಯಿಂದ ಇದನ್ನೇ ಹೇಳಿದೆ. ಅವರು ಕೇಳಿಸಿಕೊಂಡು, "ಸರಿ, ಆ ಒಂಬತ್ತರಲ್ಲಿ ನನ್ನ ಏಣು ಇದೆಯಾ?" ಅಂದರು. ಅದು ನನಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಕಾಗದಪತ್ರದ ಕೆಲಸ ಶುರು ಮಾಡಿದೆ. ನೀವು ಮಾಡುವುದಾದರೆ ಇದನ್ನು ಚಳಿಗಾಲದಲ್ಲೇ ಶುರು ಮಾಡಿ, ಅಕ್ಟೋಬರ್‌ವರೆಗೆ ಕಾಯಬೇಡಿ.

ಮೊದಲನೆಯದು ಬೇಟೆ ತರಬೇತಿ. ಈ ರಾಜ್ಯದಲ್ಲಿ 1975ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರು ತರಬೇತಿಯ ಸರ್ಟಿಫಿಕೇಟ್ ಇಲ್ಲದೆ ಬೇಟೆ ಲೈಸೆನ್ಸ್ ತೆಗೆದುಕೊಳ್ಳುವಂತಿಲ್ಲ. ನಾನು ಹೋದ ತರಗತಿ ಎರಡು ಶನಿವಾರ, ಒಂದು ಅಗ್ನಿಶಾಮಕ ಠಾಣೆಯ ಹಾಲ್‌ನಲ್ಲಿ ನಡೆಯಿತು. ಹಣ ಏನೂ ಕೊಡಬೇಕಿರಲಿಲ್ಲ. ನನ್ನ ಪಕ್ಕದ ಕುರ್ಚಿಯಲ್ಲಿ ಹನ್ನೊಂದು ವರ್ಷದ ಹುಡುಗಿ, ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಮರದ ಡಮ್ಮಿ ಕೋವಿ ಹಿಡಿದು ಬೇಲಿ ದಾಟುವ ಪಾಠ. ನಾನು ಕೋವಿಯನ್ನು ಕೈಯಲ್ಲೇ ಹಿಡಿದು ಬೇಲಿ ಹತ್ತಲು ಹೋದೆ. "ಮೊದಲು ತೋಟಾ ತೆಗೀಬೇಕು, ಕೋವಿ ಬೇಲಿ ಕೆಳಗಿನಿಂದ ಆಚೆ ಇಡಬೇಕು, ಆಮೇಲೆ ನೀವು ದಾಟಬೇಕು" ಅಂತ ಆ ಹುಡುಗಿ ಎಲ್ಲರ ಮುಂದೆ ಹೇಳಿದಳು. ಕೋವಿ ನಾಡಿನಿಂದ ಬಂದವನ ಮಾನ ಅಲ್ಲೇ ಹೋಯಿತು. ಪರೀಕ್ಷೆಯಲ್ಲಿ ನಾನು ಪಾಸ್, ಅವಳಿಗೆ ನನಗಿಂತ ಜಾಸ್ತಿ ಅಂಕ.

ಎರಡನೆಯದು ಕೋವಿ. ಇದರಲ್ಲಿ ನಮ್ಮವರಿಗೆ ಗೊಂದಲ ಜಾಸ್ತಿ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಗ್ರೀನ್ ಕಾರ್ಡ್ ಇದ್ದವರು ಕೋವಿ ಕೊಳ್ಳಬಹುದು. ಎಚ್-1ಬಿ ತರಹದ ತಾತ್ಕಾಲಿಕ ವೀಸಾದಲ್ಲಿ ಬಂದವರಿಗೆ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಕಾಯ್ದೆ ಪ್ರಕಾರ ಕೋವಿ ಇಟ್ಟುಕೊಳ್ಳುವುದೇ ಅಪರಾಧ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ಇದಕ್ಕೆ ವಿನಾಯಿತಿ ಇದೆ. ಅಂದರೆ ಅವರು ಮೊದಲು ಲೈಸೆನ್ಸ್ ಮಾಡಿಸಿ ಆಮೇಲೆ ಕೋವಿ ಮುಟ್ಟಬೇಕು. ಲೈಸೆನ್ಸ್ ಅವಧಿ ಮುಗಿದರೆ ಮನೆಯಲ್ಲಿರುವ ಕೋವಿಯೇ ಕುತ್ತಿಗೆಗೆ ಬರಬಹುದು. ವೀಸಾದಲ್ಲಿರುವವರು ಒಮ್ಮೆ ವಕೀಲರ ಹತ್ತಿರ ಮಾತಾಡಿ. ಸ್ನೇಹಿತರು ಹೇಳಿದರು ಅಂತ ಹೋಗಬೇಡಿ.

ನಾನು ಗ್ರೀನ್ ಕಾರ್ಡಿನವನು, ಸಲೀಸಾಗಿ ಆಗುತ್ತದೆ ಅಂದುಕೊಂಡಿದ್ದೆ. ಅಂಗಡಿಯಲ್ಲಿ 4473 ಅನ್ನುವ ಫಾರಂ ತುಂಬಿಸುತ್ತಾರೆ. ಅದರಲ್ಲಿ ಈಗಿರುವ ಮನೆಯ ವಿಳಾಸ, ಸರ್ಕಾರಿ ಗುರುತಿನ ಚೀಟಿಯಲ್ಲೂ ಅದೇ ವಿಳಾಸ ಬೇಕು. ನಾನು ಮನೆ ಬದಲಿಸಿ ಒಂದೂವರೆ ವರ್ಷ ಆಗಿತ್ತು, ಡ್ರೈವಿಂಗ್ ಲೈಸೆನ್ಸಿನಲ್ಲಿ ಹಳೇ ವಿಳಾಸ. ಅಂಗಡಿಯವನು ಫಾರಂ ವಾಪಸ್ ಕೊಟ್ಟ. ವಿಳಾಸ ಬದಲಿಸಲು ಒಂದು ಕಚೇರಿಗೆ ಹೋದೆ. ಮೂರು ಗಂಟೆ ಕೂತಮೇಲೆ ಕರೆಂಟ್ ಬಿಲ್ ಒಂದೇ ಸಾಲದು, ಇನ್ನೊಂದು ದಾಖಲೆ ತನ್ನಿ ಅಂದರು. ಮತ್ತೊಂದು ದಿನ, ಮತ್ತೊಂದು ರಜೆ. ಜೊತೆಗೆ ನಮ್ಮ ಮನೆಹೆಸರಿನ ಕಾಟ. ಪಾಸ್‌ಪೋರ್ಟಿನಲ್ಲಿ ಮನೆಹೆಸರು ಮೊದಲು, ಗ್ರೀನ್ ಕಾರ್ಡಿನಲ್ಲಿ ಕೊನೆಗೆ, ಡ್ರೈವಿಂಗ್ ಲೈಸೆನ್ಸಿನಲ್ಲಿ ಬರೀ ಇನಿಷಿಯಲ್. ಎಲ್ಲವನ್ನೂ ಒಂದೇ ತರಹ ಮಾಡಿಸಿ ಮತ್ತೆ ಅಂಗಡಿಗೆ ಹೋದಾಗ ಮೇ ತಿಂಗಳು.

ಎಫ್‌ಬಿಐ ಪರಿಶೀಲನೆಯಲ್ಲಿ ಬಹಳ ಜನಕ್ಕೆ ಹತ್ತು ನಿಮಿಷದಲ್ಲಿ ಉತ್ತರ ಬರುತ್ತದೆ. ನನಗೆ 'ವಿಳಂಬ' ಅಂತ ಬಂತು. ಎದೆ ಧಸಕ್ ಅಂತು. ನಾನೇನು ಮಾಡಿದೆ ಅಂತ ಅರ್ಧ ರಾತ್ರಿ ನಿದ್ದೆ ಇಲ್ಲ. ಇದು ನಿರಾಕರಣೆ ಅಲ್ಲ, ಸುಮ್ನೆ ಹೆದರಬೇಡಿ. ವಲಸೆ ಬಂದವರ ದಾಖಲೆಗಳನ್ನು ಬೇರೆ ಕಡೆಯೂ ನೋಡುವುದರಿಂದ ಹೀಗಾಗುತ್ತಿರುತ್ತದೆ. ಮೂರು ಕೆಲಸದ ದಿನ ಕಳೆದರೂ ಉತ್ತರ ಬರದಿದ್ದರೆ ಅಂಗಡಿಯವನು ಕೊಡಬಹುದು ಅಂತ ಫೆಡರಲ್ ನಿಯಮ. ನನಗೆ ಎರಡನೇ ದಿನವೇ ಒಪ್ಪಿಗೆ ಬಂತು. ಹಳೇ ಲಿವರ್-ಆ್ಯಕ್ಷನ್ ಕೋವಿ, 450 ಡಾಲರ್. ಅದನ್ನು ಕಾರಿನ ಡಿಕ್ಕಿಯಲ್ಲಿ ಮಲಗಿಸಿ ಮನೆಗೆ ತರುವಾಗ ಯಾಕೋ ತಾತನ ನೆನಪು ಬಂದು ರೇಡಿಯೋ ಆರಿಸಿದೆ.

ಜೂನ್‌ನಲ್ಲಿ ಮತ್ತೆ ನಕ್ಷೆಗೆ ಬಂದೆ. ಅಂಗಡಿಯೊಂದರ ಗೋಡೆಯ ಮೇಲೆ ಕಣಿವೆಯ ದೊಡ್ಡ ನಕ್ಷೆ ಇತ್ತು. ಇಡೀ ಕಣಿವೆಗೆ ಒಂದೇ ಹಸಿರು ಬಣ್ಣ. ಯಜಮಾನ್ರ ಏಣನ್ನು ಬೆರಳಿಟ್ಟು ತೋರಿಸಿ ಕೇಳಿದೆ. "ಅಲ್ಲೆಲ್ಲ ಬೇಟೆ ಆಡಬಹುದು, ನಾವೆಲ್ಲ ಆಡಿದ್ದೇವೆ" ಅಂದ ಅಲ್ಲಿದ್ದವನು. ನನಗೆ ಎಷ್ಟು ಖುಷಿ ಆಯಿತೆಂದರೆ, ಮುಂದಿನ ಭಾನುವಾರವೇ ಜಾಗ ನೋಡಲು ಹೊರಟೆ. ಪುಣ್ಯಕ್ಕೆ ಕೋವಿ ಇಲ್ಲದೆ. ಯಜಮಾನ್ರು ಹೇಳಿದ ಗುರುತೆಲ್ಲ ಸಿಕ್ಕಿದವು. ಕುಸಿದ ಕಲ್ಲಿನ ಗೋಡೆ, ಅದರ ಪಕ್ಕ ಎರಡು ಕವಲಿನ ಓಕ್ ಮರ, ಅಲ್ಲಿಂದ ಮುಂದೆ ನೆಲವೆಲ್ಲ ಜಿಂಕೆ ಗೊರಸಿನ ಗುರುತು. ಮರದ ಬುಡದಲ್ಲಿ ಕೂತು ಫೋಟೋ ತೆಗೆದುಕೊಂಡೆ.

ವಾಪಸ್ ಬರುವಾಗ ಕಾರ್ ನಿಲ್ಲಿಸುವ ಜಾಗದಲ್ಲಿ ಒಬ್ಬ ರೇಂಜರ್ ಸಿಕ್ಕಿದರು. ನವೆಂಬರ್‌ನಲ್ಲಿ ಇಲ್ಲಿಗೆ ಬರುತ್ತೇನೆ ಅಂತ ಉತ್ಸಾಹದಿಂದ ಹೇಳಿದೆ. ಅವರು ನನ್ನನ್ನೇ ಒಂದು ಕ್ಷಣ ನೋಡಿ, ಗಾಡಿಯಿಂದ ಮಡಿಸಿದ ನಕ್ಷೆ ತಂದು ಬಾನೆಟ್ ಮೇಲೆ ಹರಡಿದರು. ಅದರಲ್ಲಿ ಎರಡು ಬಣ್ಣ ಇತ್ತು. ದೊಡ್ಡ ಕಮಾನು ಸೇತುವೆ ಇರುವ ಕೆಳ ಕಣಿವೆ ಕಡೆಯದು ಪಾರ್ಕ್. ಯಜಮಾನ್ರ ಏಣು ಅದರೊಳಗೆ, ಗೆರೆಯಿಂದ ಹೆಚ್ಚೆಂದರೆ ಕಾಲು ಮೈಲಿ. ಅಂಗಡಿಯ ಗೋಡೆಯ ಮೇಲಿದ್ದದ್ದು 2020ಕ್ಕಿಂತ ಹಳೆಯ ನಕ್ಷೆ. "ನವೆಂಬರ್‌ನಲ್ಲಿ ಕೋವಿ ಹಿಡಿದು ಸಿಕ್ಕಿದ್ದರೆ ನಾವು ಹೀಗೆ ನಿಂತು ಮಾತಾಡುತ್ತಿರಲಿಲ್ಲ" ಅಂದರು ರೇಂಜರ್, ನಗುತ್ತಲೇ.

ಇದರಿಂದ ನಾನು ಕಲಿತದ್ದು ಇಷ್ಟು: ನಕ್ಷೆಯಲ್ಲಿ ಮೊದಲು ನೋಡಬೇಕಾದದ್ದು ಅದು ಯಾವ ವರ್ಷದ್ದು ಅಂತ. ಪಾರ್ಕ್ ಮತ್ತು ಪ್ರಿಸರ್ವ್ ಬೇರೆ ಬೇರೆ ಬಣ್ಣದಲ್ಲಿ ಇಲ್ಲದ ನಕ್ಷೆ ಬೇಟೆಗೆ ಪ್ರಯೋಜನ ಇಲ್ಲ. ಗಡಿಯ ಉದ್ದಕ್ಕೂ ಬೇಲಿ ಇರುವುದಿಲ್ಲ. ಈಚೆ ಮರವೂ ಅದೇ, ಆಚೆ ಮರವೂ ಅದೇ. ಗೆರೆ ತಿಳಿದುಕೊಳ್ಳುವ ಹೊಣೆ ನಮ್ಮದು. ಕಣಿವೆಯೊಳಗೆ ಇಳಿದರೆ ಫೋನ್ ಸಿಗ್ನಲ್ ಸಿಗುವುದು ಕಷ್ಟ, ನಕ್ಷೆಯನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಂಡು ಹೋಗಿ. ನಾನು ಅದರ ಜೊತೆ ಒಂದು ಪ್ರಿಂಟ್ ತೆಗೆದು ಪ್ಲಾಸ್ಟಿಕ್ ಹಾಕಿಸಿಕೊಂಡೆ.

ಸಂಜೆ ಯಜಮಾನ್ರಿಗೆ ಫೋಟೋ ತೋರಿಸಿದೆ. ಎರಡು ಕವಲಿನ ಮರವನ್ನು ಬೆರಳಲ್ಲಿ ದೊಡ್ಡದು ಮಾಡಿ ನೋಡಿದರು. ವಿಷಯ ಹೇಳಿದೆ. "ಕಾಲು ಮೈಲಿ" ಅಂತ ಒಂದು ಸಲ ಅಂದರು. ಆಮೇಲೆ ಟಿವಿ ಕಡೆ ತಿರುಗಿದರು. ಉಳಿದ 65 ಸಾವಿರ ಎಕರೆಯ ಸುದ್ದಿ ಎತ್ತಲು ನನಗೆ ಬಾಯಿ ಬರಲಿಲ್ಲ. ಎಕರೆ ಲೆಕ್ಕ ಇರುವುದು ನಡೆಯುವ ಕಾಲು ಇದ್ದವರಿಗೆ. ಮನೆಯ ಹಿಂಬಾಗಿಲಿಂದ ಇಪ್ಪತ್ತು ನಿಮಿಷದ ಜಾಗಕ್ಕೆ ಬದಲಾಗಿ, ಒಂದು ಗಂಟೆ ಕಾರಲ್ಲಿ ಹೋಗಿ ಇನ್ನೊಂದು ಗಂಟೆ ಇಳಿಜಾರು ಇಳಿಯುವ ಜಾಗ ಕೊಟ್ಟರೆ ಅದು ಅವರಿಗೆ ಕೊಟ್ಟಂತಾಗಲಿಲ್ಲ.

ಹಾಗಂತ ಪಾರ್ಕ್ ಮಾಡಿದ್ದೇ ತಪ್ಪು ಅಂತ ನಾನು ಹೇಳಲಾರೆ. ಗಣಿಗಳು ಮುಚ್ಚಿದ ಈ ಊರುಗಳಿಗೆ ದುಡ್ಡು ಬರುತ್ತಿರುವುದು ಪ್ರವಾಸಿಗರಿಂದ. ಹೆಸರು ಬದಲಾದ ಮರುವರ್ಷ, 2021ರಲ್ಲಿ, ಭೇಟಿಗಳ ಸಂಖ್ಯೆ 16 ಲಕ್ಷ ದಾಟಿತು. ಫಯೆಟ್‌ವಿಲ್‌ನಲ್ಲಿ ಶನಿವಾರ ಕಾಫಿಗೆ ಕ್ಯೂ ನಿಲ್ಲಬೇಕು. ಇನ್ನು, ನಮ್ಮ ನಾಗರಹೊಳೆಯಲ್ಲಿ ಹಾಡಿಗಳಿಂದ ಎಬ್ಬಿಸಿ ಹೊರಗೆ ಹಾಕಿದ ಜೇನು ಕುರುಬರನ್ನು ನೆನೆದರೆ, ಒಂದು ಏಣು ಕಳೆದುಕೊಂಡ ದುಃಖ ಸಣ್ಣದೇ. ಆದರೆ ತಾತ ಮುಪ್ಪಿನಲ್ಲಿ ಜಗಲಿಯ ಮೇಲೆ ಕೂತು ಕಾಡಿನ ಕಡೆ ನೋಡುತ್ತಿದ್ದದ್ದು ಹೇಗೆ ಅಂತ ನನಗೆ ಗೊತ್ತು. ಯಜಮಾನ್ರು ಟಿವಿ ನೋಡಿದ್ದೂ ಹಾಗೇ.

ಆಗಸ್ಟ್‌ನಿಂದ ಬೇರೆ ಜಾಗ ಹುಡುಕಿದೆ. ನ್ಯೂ ರಿವರ್ ಹರಿಯುವುದು ಉತ್ತರಕ್ಕೆ, ಹಾಗಾಗಿ ದಕ್ಷಿಣಕ್ಕೆ ಹೋದಷ್ಟೂ ನದಿಯ ಮೇಲ್ಭಾಗ. ಪ್ರಿಸರ್ವ್‌ನ ಜಾಸ್ತಿ ಪಾಲು ಆ ಕಡೆ. ನಾಲ್ಕು ವಾರಾಂತ್ಯ ಅಲೆದು ಒಂದು ಹಳ್ಳದ ಬದಿಯ ಜಾಗ ಆರಿಸಿಕೊಂಡೆ. ಎಲ್ಲಿ ಅಂತ ಹೇಳುವುದಿಲ್ಲ, ತಪ್ಪು ತಿಳಿಯಬೇಡಿ. ಬೇಟೆಯವರು ಜಾಗ ಹೇಳುವುದಿಲ್ಲ, ಅಣಬೆ ಸಿಗುವ ಜಾಗ ನಮ್ಮೂರಲ್ಲಿ ಯಾರಾದರೂ ಹೇಳುತ್ತಾರಾ?

ಅಲ್ಲೂ ಒಂದು ಎಡವಟ್ಟು ಮಾಡಿಕೊಂಡೆ. ಹಳ್ಳದಿಂದ ರಸ್ತೆಗೆ ಒಳ್ಳೆಯ ಅಡ್ಡದಾರಿ ಸಿಕ್ಕಿತು. ಮರಗಳ ಮೇಲೆ ಎದೆ ಎತ್ತರದಲ್ಲಿ ಒಂದು ಗೇಣು ಉದ್ದದ ನೇರಳೆ ಬಣ್ಣದ ಪಟ್ಟೆ. ಚಾರಣದ ದಾರಿಯ ಗುರುತು ಇರಬೇಕು ಅಂದುಕೊಂಡು ಆರಾಮಾಗಿ ಅದನ್ನೇ ಹಿಡಿದು ನಡೆದೆ. ಮನೆಗೆ ಬಂದು ಯಜಮಾನ್ರಿಗೆ ಹೇಳಿದರೆ ಹಣೆ ಚಚ್ಚಿಕೊಂಡರು. ಈ ರಾಜ್ಯದಲ್ಲಿ ನೇರಳೆ ಪಟ್ಟೆ ಅಂದರೆ 'ಖಾಸಗಿ ಜಮೀನು, ಒಳಗೆ ಬರಬೇಡ' ಅಂತ. ಬೋರ್ಡ್ ಹಾಕಿದಷ್ಟೇ ಬೆಲೆ ಅದಕ್ಕೂ ಇದೆ. ನಕ್ಷೆಯಲ್ಲಿ ಪ್ರಿಸರ್ವ್ ಅಂತ ಬಣ್ಣ ಬಳಿದ ಗಡಿಯ ಒಳಗೇ ಇಂತಹ ಖಾಸಗಿ ಜಮೀನುಗಳು ಬೇಕಾದಷ್ಟಿವೆ. ಬೋರ್ಡು, ಪಟ್ಟೆ ಅಥವಾ ಬೇಲಿ ಇರುವ ಜಮೀನಿನಲ್ಲಿ ಬೇಟೆಯಾಡಲು ಮಾಲೀಕರ ಲಿಖಿತ ಅನುಮತಿ ಬೇಕು. ಮನೆಗಳಿಂದ 500 ಅಡಿ ಒಳಗೆ ಗುಂಡು ಹಾರಿಸುವಂತಿಲ್ಲ.

ಕೋವಿ ಒಯ್ಯುವುದರ ಬಗ್ಗೆಯೂ ಒಂದು ಮಾತು. 2010ರ ಫೆಬ್ರವರಿಯಿಂದ ಜಾರಿಯಲ್ಲಿರುವ ಕಾಯ್ದೆಯಂತೆ, ಆಯಾ ರಾಜ್ಯದ ನಿಯಮಕ್ಕೆ ಒಳಪಟ್ಟು ನ್ಯಾಷನಲ್ ಪಾರ್ಕ್ ಒಳಗೆ ಕೋವಿ ಇಟ್ಟುಕೊಂಡಿರಬಹುದು. ಬಳಸುವ ಹಾಗಿಲ್ಲ ಅಷ್ಟೆ. ಆದರೆ ವಿಸಿಟರ್ ಸೆಂಟರ್‌ನಂಥ ಫೆಡರಲ್ ಕಟ್ಟಡದೊಳಗೆ ಕೋವಿ ಒಯ್ಯುವುದು ಅಪರಾಧ. ಶೌಚಾಲಯಕ್ಕೆ ಅಂತ ಓಡಿ ಹೋಗುವಾಗ ಇದು ಮರೆತುಹೋಗುವ ಸಾಧ್ಯತೆ ಇದೆ, ಹುಷಾರು.

ಲೈಸೆನ್ಸ್ ಆನ್‌ಲೈನ್‌ನಲ್ಲಿ ಹತ್ತು ನಿಮಿಷದ ಕೆಲಸ. ಸ್ಥಳೀಯನಾದ್ದರಿಂದ ನನಗೆ ಎಲ್ಲ ಸೇರಿ 50 ಡಾಲರ್ ಆಸುಪಾಸು ಆಯಿತು. ಹೊರರಾಜ್ಯದವರಿಗೆ ಅದರ ಎರಡು ಪಟ್ಟಿಗಿಂತ ಜಾಸ್ತಿ. ಹೆಣ್ಣು ಜಿಂಕೆಗೆ ಸ್ಟ್ಯಾಂಪ್ ಅನ್ನುವ ಬೇರೆ ಪರವಾನಗಿ ಬೇಕು. ಮೊದಲ ಸಲ ಅಲ್ವಾ, ಯಾಕೆ ದುಡ್ಡು ದಂಡ ಅಂತ ನಾನು ಅದನ್ನು ಬಿಟ್ಟೆ.

ಥ್ಯಾಂಕ್ಸ್‌ಗಿವಿಂಗ್ ವಾರದ ಸೋಮವಾರ ಇಲ್ಲಿ ಗಂಡು ಜಿಂಕೆಯ ಕೋವಿ ಸೀಸನ್ ಶುರು, ಎರಡು ವಾರ ಇರುತ್ತದೆ. ನಮ್ಮಲ್ಲಿ ಹುತ್ತರಿಗೆ ಮನೆಗೆ ಬರುವಂತೆ ಆ ವಾರ ಎಲ್ಲೆಲ್ಲಿದ್ದವರೂ ಊರಿಗೆ ಬರುತ್ತಾರೆ. ಶಾಲೆಗಳಿಗೂ ರಜೆ. ಬೆಳಗಿನ ನಾಲ್ಕಕ್ಕೆ ಹೊರಟೆ. ಕನಿಷ್ಠ 400 ಚದರ ಇಂಚು ಕಿತ್ತಳೆ ಬಣ್ಣ ಮೈಮೇಲೆ ಕಾಣಬೇಕು ಅನ್ನುವ ನಿಯಮಕ್ಕೆ 15 ಡಾಲರಿನ ಒಂದು ಜಾಕೆಟ್. ಕಾರ್ ನಿಲ್ಲಿಸುವ ಜಾಗ ಆರು ಗಾಡಿಗೆ ಸಾಲುವಷ್ಟು, ನಾನು ಹೋದಾಗ ಒಂಬತ್ತು ನಿಂತಿದ್ದವು. ಪಾರ್ಕಿನ ಏಣುಗಳಿಂದ ಹೊರಗೆ ಬಿದ್ದವರೆಲ್ಲ ಈ ಕಡೆಯೇ ಬರಬೇಕಲ್ಲ. ಅರ್ಧ ಮೈಲಿ ದೂರ ರಸ್ತೆ ಬದಿಯಲ್ಲಿ ಜಾಗ ಹುಡುಕಿ ನಿಲ್ಲಿಸಿದೆ.

ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿನಿಂದ ಮುಳುಗಿದ ಅರ್ಧ ಗಂಟೆವರೆಗೆ ಬೇಟೆಯ ಹೊತ್ತು. ರೋಡೊಡೆಂಡ್ರಾನ್ ಪೊದೆಗೆ ಬೆನ್ನು ಕೊಟ್ಟು ಕೂತೆ. ಎಂಟೂವರೆಗೆ ಮೂರು ಜಿಂಕೆ ಬಂದವು, ನಲವತ್ತು ಹೆಜ್ಜೆ ದೂರದಲ್ಲಿ. ಮೂರೂ ಹೆಣ್ಣು. ಹತ್ತು ನಿಮಿಷ ನನ್ನೆದುರೇ ಓಕ್ ಕಾಯಿ ಹೆಕ್ಕಿ ತಿಂದವು. ಬೇಡ ಅಂತ ಬಿಟ್ಟ ಸ್ಟ್ಯಾಂಪ್ ನೆನಪಾಗಿ ಹೊಟ್ಟೆ ಉರಿಯಿತು. ಸಂಜೆವರೆಗೆ ಬೇರೇನೂ ಬರಲಿಲ್ಲ. ಮಂಗಳವಾರ ಮಳೆ. ಆ ಶನಿವಾರ ಹೋದರೆ ನಾನು ಕೂರುವ ಜಾಗದಲ್ಲಿ ಅಪ್ಪ ಮಗ ಕೂತಿದ್ದರು. ನಮಸ್ಕಾರ ಹೇಳಿ ಬಂದೆ, ಸಾರ್ವಜನಿಕ ಜಾಗ ಅಂದಮೇಲೆ ಮೊದಲು ಬಂದವರದ್ದು.

ಎರಡನೇ ಶನಿವಾರ, ಸೀಸನ್ ಮುಗಿಯುವ ಹಿಂದಿನ ದಿನ, ಮೂರು ಗಂಟೆಗೆ ಒಂದು ಸಣ್ಣ ಗಂಡು ಬಂತು. ಕವಲೇ ಇಲ್ಲದ, ಕೈಬೆರಳುದ್ದದ ಎರಡು ಕೊಂಬು. ಹೊಡೆದೆ. ಇಪ್ಪತ್ತು ಹೆಜ್ಜೆ ಓಡಿ ಬಿತ್ತು. ಸದ್ದು ಅಡಗಿದಮೇಲೆ ಕಾಡು ಎಷ್ಟು ಮೌನ ಆಯಿತೆಂದರೆ ನನ್ನ ಉಸಿರು ನನಗೇ ಕೇಳುತ್ತಿತ್ತು. ಹತ್ತಿರ ಹೋದಾಗ ಕಣ್ಣು ತೆರೆದೇ ಇತ್ತು, ಮೂಗಿನ ತುದಿಯಲ್ಲಿ ಒಂದು ಒಣ ಎಲೆ ಅಂಟಿತ್ತು. ಎಲೆ ತೆಗೆದೆ. ಕೈ ನಡುಗುತ್ತಿತ್ತು. ಸಂತೋಷ ಅಂತ ಹೇಳಿದರೆ ಸುಳ್ಳಾಗುತ್ತದೆ, ಪಶ್ಚಾತ್ತಾಪ ಅಂದರೂ ಸುಳ್ಳೇ. ಹೊಟ್ಟೆ ಬಗೆದು ಕರುಳು ತೆಗೆಯುವುದನ್ನು ಯಜಮಾನ್ರು ರಟ್ಟಿನ ಪೆಟ್ಟಿಗೆಯ ಮೇಲೆ ಪೆನ್ನಿನಿಂದ ಗೆರೆ ಎಳೆದು ಹೇಳಿಕೊಟ್ಟಿದ್ದರು. ಅದು ನೆನಪಿಗೆ ಬಂದಾಗ ಕೈ ನಿಂತಿತು.

ಆಮೇಲೆ ಎಳೆಯುವ ಕೆಲಸ. ನೇರಳೆ ಪಟ್ಟೆಯ ಅಡ್ಡದಾರಿಯಲ್ಲಿ ಹೋಗಿದ್ದರೆ ಮುಕ್ಕಾಲು ಗಂಟೆ. ಸುತ್ತು ಹಾಕಿ, ಏರು ಹತ್ತಿ, ಕತ್ತಲಲ್ಲಿ ತಲೆಗೆ ದೀಪ ಕಟ್ಟಿಕೊಂಡು ಕಾರು ತಲುಪುವಾಗ ಮೂರು ಗಂಟೆ ಆಗಿತ್ತು. ಒಬ್ಬರೇ ಹೋಗಬೇಡಿ. ಹೋದರೂ ಒಳ್ಳೆಯ ಹಗ್ಗ, ಒಂದು ಲೀಟರ್ ಜಾಸ್ತಿ ನೀರು ಇರಲಿ. ಸಿಗ್ನಲ್ ಸಿಕ್ಕಿದ ಕೂಡಲೇ ಗೇಮ್ ಚೆಕ್, ಅಂದರೆ ಹೊಡೆದ ಪ್ರಾಣಿಯ ನೋಂದಣಿ, ಮಾಡಿ 13 ಅಂಕಿಯ ನಂಬರ್ ತೆಗೆದುಕೊಂಡೆ. 72 ಗಂಟೆಯೊಳಗೆ ಮಾಡಬೇಕು, ನಂಬರ್ ಇಲ್ಲದೆ ಕಟುಕರು ಮುಟ್ಟುವುದಿಲ್ಲ. ಕೊಯ್ದು ಪೊಟ್ಟಣ ಮಾಡಿಕೊಡಲು 110 ಡಾಲರ್, ಐದು ದಿನ. ಮಾಂಸ ಬೇಡದವರು ಬಡವರಿಗೆ ಹಂಚುವ ಸರ್ಕಾರಿ ಯೋಜನೆಗೆ ಕೊಡಬಹುದು.

ಅವ್ವನಿಗೆ ಫೋನ್ ಮಾಡಿದೆ. "ಪಂದಿಯಾ?" ಅಂದರು. "ಅಲ್ಲ ಅವ್ವ, ಜಿಂಕೆ." ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಕಾಚಂಪುಳಿ ಇದೆಯಾ ಮನೇಲಿ?" ಕೊಡಗಿನ ಆ ಕಪ್ಪು ಹುಳಿರಸ ಇತ್ತು, ಬಾಟಲಿಯ ತಳದಲ್ಲಿ ಎರಡು ಚಮಚ. ಪಂದಿ ಕರಿಯ ಮಸಾಲೆಯಲ್ಲೇ ಬೇಯಿಸಿದೆ. ಯಜಮಾನ್ರು ಮೊದಲ ತುತ್ತಿಗೆ ಮುಖ ಹಿಂಡಿದರು, ಹುಳಿ ಜಾಸ್ತಿ ಅಂತ. ಆದರೂ ಎರಡು ಸಲ ಹಾಕಿಸಿಕೊಂಡರು.

ಊಟ ಆದಮೇಲೆ ಪ್ಲಾಸ್ಟಿಕ್ ಹಾಕಿಸಿದ ನನ್ನ ನಕ್ಷೆ ಕೇಳಿ ತೆಗೆದುಕೊಂಡರು. ಅವರು ಹುಡುಕಿದ್ದು ಏಣನ್ನಲ್ಲ, ರಸ್ತೆಗಳನ್ನು. ಕಾಲಿಗೆ ಶಾಶ್ವತ ತೊಂದರೆ ಇರುವವರು ನಿಲ್ಲಿಸಿದ ಗಾಡಿಯಲ್ಲೇ ಕೂತು ಬೇಟೆ ಆಡಲು ಈ ರಾಜ್ಯದಲ್ಲಿ 'ಕ್ಲಾಸ್ ಕ್ಯೂ' ಅಂತ ಒಂದು ಪರ್ಮಿಟ್ ಇದೆ. ಇಷ್ಟು ವರ್ಷ ಅದರ ಅರ್ಜಿ ಹಾಕಲು ಅವರು ಒಪ್ಪಿರಲಿಲ್ಲ ಅಂತ ಮಗಳು ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದರು. ಹೋದ ವಾರ ಫಾರಂ ತುಂಬಿದ್ದೇವೆ. ಡಾಕ್ಟರ ಸಹಿ ಒಂದು ಬಾಕಿ ಇದೆ, ಗುರುವಾರ ಎರಡೂವರೆಗೆ ಅಪಾಯಿಂಟ್‌ಮೆಂಟ್.